ಒದೆಯೋಕೆ ಮುಂಚೆ ಕೇಳು, ಮಗು

ನಲವತ್ತೊಂದನೇ ಕಿಕ್ಕಿಗೆ ನನ್ನ ಹವಾಯಿ ಚಪ್ಪಲಿಯ ಬಾರು ಕಿತ್ತುಹೋಯಿತು. ಗಾಡಿ ಮಾತ್ರ ಕೆಮ್ಮಲೂ ಇಲ್ಲ.

ರಾಜಾಜಿನಗರದ ನಮ್ಮ ಮನೆಯಲ್ಲಿ ತುಳಸಿಕಟ್ಟೆಗೂ ಸಂಪಿನ ಮುಚ್ಚಳಕ್ಕೂ ನಡುವಿನ ಆರಡಿ ಜಾಗದಲ್ಲಿ ಅಪ್ಪನ ಯೆಜ್ಡಿ ನಿಂತಿದೆ. 1976ರ ಗಾಡಿ. ಅಪ್ಪ ಹೋದ ಮೇಲೆ ಇದನ್ನು ಮಾತ್ರ ಮಾರಬೇಡಿ ಎಂದು ಇಡೀ ಬಂಧುಬಳಗ ಹೇಳಿತು. ನಾನು ಓಡಿಸುತ್ತೇನೆ ಎಂದವರು ಒಬ್ಬರೂ ಇಲ್ಲ. ವರ್ಷಕ್ಕೆ ಎರಡು ಸಲ ಅದಕ್ಕೆ ಮರ್ಯಾದೆ ಸಲ್ಲುತ್ತದೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ, ಅವತ್ತು ಒಂದು ಫೋಟೊ. ಆಯುಧಪೂಜೆಗೆ ಒಂದು ಬೂದುಗುಂಬಳಕಾಯಿ, ಚಕ್ರದಡಿ ಎರಡು ನಿಂಬೆಹಣ್ಣು. ಉಳಿದ ದಿನಗಳಲ್ಲಿ ಅದರ ಮೇಲೆ ಒದ್ದೆ ಟವೆಲ್ ಒಣಗುತ್ತದೆ.

ಡಿಸೆಂಬರಿನ ಆ ಭಾನುವಾರ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರೋಣ ಎಂದು ಹುಮ್ಮಸ್ಸು ಬಂತು. ಬೆಳಗ್ಗೆ ಆರಕ್ಕೆ ಒದೆಯಲು ಶುರುಮಾಡಿದೆ. ಆರೂವರೆಗೆ ಸಂಪಿನ ಮುಚ್ಚಳದ ಮೇಲೆ ಕುಸಿದು ಕೂತೆ. ಆಗ ಟ್ಯಾಂಕಿನ ಒಳಗಿನಿಂದ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಹೇಗೂ ಉಸಿರು ಸುಧಾರಿಸಿಕೊಳ್ಳಬೇಕಿತ್ತಲ್ಲ, ಪತ್ರಕರ್ತನ ಚಟ ಬಿಡಲಿಲ್ಲ. ಮೊಬೈಲಿನ ರೆಕಾರ್ಡರ್ ಒತ್ತಿದೆ.

ಯೆಜ್ಡಿ: ಆಯ್ತಾ ನಿಂದು? ಇನ್ನೂ ಒದೆಯೋದಿದ್ಯಾ?

ನಾನು: ನೀವು... ಮಾತಾಡ್ತೀರಾ?

ಯೆಜ್ಡಿ: ನಲವತ್ತೊಂದು ಒದೆ ತಿಂದವರು ಯಾರಾದ್ರೂ ಮಾತಾಡ್ತಾರೆ. ನಿಮ್ಮಪ್ಪ ಯಾವತ್ತೂ ಎರಡಕ್ಕಿಂತ ಹೆಚ್ಚು ಒದೆಯಲಿಲ್ಲ. ಮೂರನೇದಕ್ಕೆ ಕಾಲು ಎತ್ತೋಕೆ ಮುಂಚೆ ಬೀಡಿ ಹಚ್ಚಿ, ದೂರ ಹೋಗಿ ನಿಂತು ಯೋಚನೆ ಮಾಡ್ತಿದ್ರು.

ನಾನು: ಓದುಗರಿಗೆ ನಿಮ್ಮ ಪರಿಚಯ ಹೇಳಿ.

ಯೆಜ್ಡಿ: ಹುಟ್ಟಿದ್ದು ಮೈಸೂರು, ಯಾದವಗಿರಿ. ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಅಲ್ಲಿ ಗಾಡಿ ಮಾಡೋಕೆ ಶುರುಮಾಡಿದ್ದು ರುಸ್ತುಂ ಇರಾನಿ, ಫರೋಖ್ ಇರಾನಿ ಅಂತ. ಜಯಚಾಮರಾಜ ಒಡೆಯರ ಆಶೀರ್ವಾದ ಇದ್ದ ಮನೆ. 1996ರಲ್ಲಿ ಬಾಗಿಲು ಹಾಕಿತು. ನಮ್ಮ ವಂಶ ಝೆಕ್ ದೇಶದ್ದು. ಯಾನೆಚೆಕ್ ಅನ್ನೋರು 1929ರಲ್ಲಿ ವಾಂಡರರ್ ಅನ್ನೋ ಕಂಪನಿಯ ಬೈಕಿನ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರಗಳನ್ನ (Ja, Wa) ಕೂಡಿಸಿ ಜಾವಾ ಅಂದರು. ಇಲ್ಲಿ ನನಗಿಟ್ಟ ಹೆಸರು ಇರಾನಿನ ಯಜ್ದ್ ಊರಿಂದು. ತಮಾಷೆ ಏನು ಗೊತ್ತಾ? ಝೆಕ್ ಭಾಷೇಲಿ 'ಯೆಜ್ದೀ' ಅಂದರೆ 'ಓಡುತ್ತೆ' ಅಂತ ಅರ್ಥ. ಓಡುತ್ತೆ ಅಂತ ಹೆಸರಿಟ್ಟುಕೊಂಡು ಟವೆಲ್ ಒಣಗಿಸೋ ಸ್ಟ್ಯಾಂಡ್ ಆಗಿದೀನಿ.

ನಾನು: ನೇರವಾಗಿ ವಿಷಯಕ್ಕೆ ಬರ್ತೀನಿ. ಯಾಕೆ ಸ್ಟಾರ್ಟ್ ಆಗ್ತಿಲ್ಲ? ಚಳಿಗಾ?

ಯೆಜ್ಡಿ: ಯಾವ ಚಳಿ? ಬೆಂಗಳೂರಲ್ಲಿ ದಾಖಲೆಯ ಚಳಿ ಅಂದರೆ 1884ರ ಜನವರಿ 13, 7.8 ಡಿಗ್ರಿ. ಅದೂ ಆಗ ನಾನೂ ಇಲ್ಲ, ನೀನೂ ಇಲ್ಲ, ರಾಜಾಜಿನಗರವೂ ಇಲ್ಲ. ಇವತ್ತು ಹದಿನಾರಿದೆ. ಈ ಊರಿನ ಜನಕ್ಕೆ ಮಂಕಿ ಕ್ಯಾಪ್ ಹಾಕೋಕೆ ಒಂದು ನೆಪ, ನಿನಗೆ ನನ್ನ ಮೇಲೆ ತಪ್ಪು ಹಾಕೋಕೆ ಒಂದು ನೆಪ.

ಅಷ್ಟರಲ್ಲಿ ಗೇಟಿನ ಹೊರಗೆ ಸಭೆ ಸೇರಿತ್ತು. ಬೆಂಗಳೂರಿನಲ್ಲಿ ಮನೆಗೆ ಕಳ್ಳ ನುಗ್ಗಿದರೆ ಜನ ಸೇರುವುದು ಅನುಮಾನ; ಗಾಡಿ ಸ್ಟಾರ್ಟ್ ಆಗದಿದ್ದರೆ ಮಾತ್ರ ಖಂಡಿತ ಸೇರುತ್ತಾರೆ. ವಾಕಿಂಗ್ ಮುಗಿಸಿ ಬಂದ ನಿವೃತ್ತರೊಬ್ಬರು ಟೈಮಿಂಗ್ ಔಟಾಗಿದೆ ಎಂದರು. ಹೂವಿನಾಕೆ ದೃಷ್ಟಿ ಎಂದಳು. ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗ, 'ಅಂಕಲ್, ಇದನ್ನ ರಾತ್ರಿ ಚಾರ್ಜಿಗೆ ಹಾಕಿರಲಿಲ್ವಾ?' ಎಂದು ಕೇಳಿದ. ಸೊಪ್ಪಿನ ಗಾಡಿಯವನು ಏನೂ ಹೇಳದೆ ಬಂದು, ಎರಡು ಸಲ ತಾನೂ ಒದ್ದು, ಮೆಂತ್ಯ ಸೊಪ್ಪು ಬೇಕಾ ಎಂದು ಕೇಳಿ ಹೊರಟ.

ಯೆಜ್ಡಿ: ನೋಡಿದ್ಯಾ? ಅಷ್ಟು ಜನರಲ್ಲಿ ಒಬ್ಬರಾದ್ರೂ ಪ್ಲಗ್ ಬಿಚ್ಚಿ ನೋಡಿದೆಯಾ ಅಂತ ಕೇಳಿದರಾ?

ನಾನು: ಇಲ್ಲ. ಪ್ಲಗ್‌ನಲ್ಲಿ ಅಂಥದ್ದೇನಿದೆ?

ಯೆಜ್ಡಿ: ವೈದ್ಯರು ನಾಲಗೆ ಚಾಚು ಅಂತಾರಲ್ಲ, ಹಾಗೆ. ನಾನು ಟೂ ಸ್ಟ್ರೋಕು, ವಾಲ್ವು ಗೀಲ್ವು ಇಲ್ಲ. ಪಿಸ್ಟನ್ ಮೇಲೆ ಹೋಗುವಾಗ ಕೆಳಗಿನ ಕೋಣೆಗೆ ಪೆಟ್ರೋಲು-ಗಾಳಿ ಎಳೆದುಕೊಳ್ಳುತ್ತೆ. ಕೆಳಗೆ ಬರುವಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತೆ. ಬೇಕಾದ್ದು ಮೂರೇ: ಪೆಟ್ರೋಲು, ಕಿಡಿ, ಒತ್ತಡ. ಒದ್ದಾಗ ಕಾಲಿಗೆ ಗಟ್ಟಿಯಾಗಿ ಎದುರು ಒತ್ತುತ್ತಾ?

ನಾನು: ಮೊಣಕಾಲು ಹೇಳ್ತಿದೆ, ಒತ್ತುತ್ತೆ.

ಯೆಜ್ಡಿ: ಹಾಗಾದರೆ ಒತ್ತಡ ಇದೆ. ಉಳಿದದ್ದು ಎರಡು. ಪ್ಲಗ್ ಬಿಚ್ಚು. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ. ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ಇಷ್ಟು ತಿಳಿಯೋಕೆ ನಲವತ್ತೊಂದು ಒದೆ ಬೇಕಾಗಿರಲಿಲ್ಲ.

ಬಿಚ್ಚಿದೆ. ಒಣಗಿತ್ತು. ತುದಿಗೆ ಮಸಿ ಕಟ್ಟಿಕೊಂಡು, ಹಬ್ಬ ಮುಗಿದ ಮೇಲಿನ ಹಣತೆಯ ಬತ್ತಿಯ ಹಾಗಿತ್ತು.

ಯೆಜ್ಡಿ: ಪೆಟ್ರೋಲ್ ಕಾಕ್ ತೆಗೆದಿದ್ಯಾ?

ನಾನು: ...

ಯೆಜ್ಡಿ: ರೆಕಾರ್ಡರ್ ಓಡ್ತಿದೆ ಅಂತ ಸುಮ್ಮನಿದೀಯಾ? ತೆಗೆದಿಲ್ಲ. ಮುಕ್ಕಾಲು ಪಾಲು ಕಾಯಿಲೆ ಅದೇ. ಅರ್ಧ ಊರು ದೂಡಿಸಿಕೊಂಡು ಗ್ಯಾರೇಜಿಗೆ ತಂದಿರ್ತಾರೆ, ಮೇಸ್ತ್ರಿ ಬಗ್ಗಿ ಕಾಕ್ ತಿರುಗಿಸಿ, ಇವರಿಗೆ ಅವಮಾನ ಆಗಬಾರದು ಅಂತ ಹತ್ತು ನಿಮಿಷ ಸುಮ್ಮನೆ ಸ್ಪ್ಯಾನರ್ ಆಡಿಸ್ತಾರೆ. ಹಳೇ ಮೇಸ್ತ್ರಿಗಳಿಗೆ ಅಷ್ಟು ದಾಕ್ಷಿಣ್ಯ ಇತ್ತು. ಈಗ ತೆಗಿ. ಕಾರ್ಬೊರೇಟರ್ ಮೇಲಿನ ಟಿಕ್ಲರ್ ಒತ್ತು, ಪೆಟ್ರೋಲ್ ಜಿನುಗೋವರೆಗೆ.

ನಾನು: ಒತ್ತಿದೆ. ಜಿನುಗ್ತಿಲ್ಲ.

ಯೆಜ್ಡಿ: ಜಿನುಗಲ್ಲ. ಯಾಕೆ ಅಂದರೆ ಅದರಲ್ಲಿರೋದು ಜುಲೈ ತಿಂಗಳ ಪೆಟ್ರೋಲು. ಫೋಟೊ ತೆಗೆಸಿಕೊಂಡು, ಮನೆ ಮುಂದೆ ಎರಡು ಸುತ್ತು ಹಾಕಿ, ತಂದು ನಿಲ್ಲಿಸಿದ್ದು. ಐದು ತಿಂಗಳಲ್ಲಿ ಅದರ ಸತ್ವ ಎಲ್ಲ ಹಾರಿಹೋಗಿ ಕೆಳಗೆ ಬೆಲ್ಲದ ಪಾಕದ ಹಾಗೆ ಅಂಟು ಉಳಿದಿದೆ. ಮೇಲಾಗಿ ಈಗಿನ ಪೆಟ್ರೋಲಿಗೆ ನೂರಕ್ಕೆ 20 ಭಾಗ ಎಥೆನಾಲ್ ಬೆರೆಸ್ತಾರೆ, ಕಬ್ಬಿನ ಸಂತಾನ. ಎಥೆನಾಲ್‌ಗೆ ನೀರು ಅಂದರೆ ಪ್ರಾಣ. ಗಾಳಿಯ ತೇವವನ್ನೇ ಹೀರಿಕೊಂಡು ತಳಕ್ಕೆ ಇಳಿದು ಕೂತುಬಿಡುತ್ತೆ. ನನ್ನ ಕಾಲದ ರಬ್ಬರಿಗೆ ಅದು ಒಗ್ಗೋದೂ ಇಲ್ಲ. ನಾನು ಮಂಡ್ಯದ ಹಾದೀಲಿ ಕಬ್ಬಿನ ಗಾಡಿಗಳನ್ನ ಓವರ್‌ಟೇಕ್ ಮಾಡಿ ಬಂದವನು. ಕೊನೆಗಾಲದಲ್ಲಿ ಕಬ್ಬೇ ನನ್ನ ಗಂಟಲಿಗೆ ಸಿಕ್ಕಿಕೊಂಡಿತು.

ಹಳೇ ಪೆಟ್ರೋಲನ್ನು ಬಾಟಲಿಗೆ ಇಳಿಸಿದೆ. ಕಾರ್ಬೊರೇಟರಿನ ಬಟ್ಟಲು ಬಿಚ್ಚಿದರೆ ಹಳದಿ ಮಡ್ಡಿ. ಜೆಟ್ ಎನ್ನುವ ಹಿತ್ತಾಳೆಯ ತುಂಡಿನಲ್ಲಿ ಕೂದಲೆಳೆಯಷ್ಟು ತೂತು ಇರುತ್ತದಂತೆ. ಇರುತ್ತದಂತೆ ಎನ್ನುತ್ತೇನೆ, ಏಕೆಂದರೆ ನನಗೆ ಕಾಣಲಿಲ್ಲ. ಪೊರಕೆ ಕಡ್ಡಿ ಸೀಳಿ ಚುಚ್ಚಿ, ಊದಿ, ಸೂರ್ಯನ ಕಡೆ ಹಿಡಿದ ಮೇಲೆ ಒಂದು ಚುಕ್ಕೆ ಬೆಳಕು ಕಂಡಿತು. ಹೊಸ ಪೆಟ್ರೋಲ್ ತರಲು ಬಾಟಲಿ ಹಿಡಿದು ಬಂಕಿಗೆ ಹೋದರೆ ಬಾಟಲಿಗೆ ಹಾಕುವುದಿಲ್ಲ ಎಂದರು. ಪಕ್ಕದ ಮನೆಯವರ ಸ್ಕೂಟರಿನಿಂದ ಎರಡು ಲೀಟರ್ ಕಡ ತಂದೆ.

ಯೆಜ್ಡಿ: ಆಯಿಲ್?

ನಾನು: ಬಂಕಿನಲ್ಲಿ ಅದನ್ನೂ ಕೇಳಿದೆ. ಟೂ ಟಿ ಕೊಡಿ ಅಂದ್ರೆ, ಪಕ್ಕದ ಕ್ಯಾಂಟೀನ್ ಕಡೆ ಕೈ ತೋರಿಸಿ 'ಟೀ ಅಲ್ಲಿ ಸರ್' ಅಂದ ಹುಡುಗ.

ಯೆಜ್ಡಿ: (ಬಹಳ ಹೊತ್ತು ಸುಮ್ಮನಿದ್ದು) ಆಗೆಲ್ಲ ಪ್ರತಿ ಬಂಕಿನಲ್ಲೂ ಅದಕ್ಕೇ ಒಂದು ಕೈಪಂಪು ಇರ್ತಿತ್ತು. ಪೆಟ್ರೋಲ್ ಜೊತೆಗೇ ಬೆರೆಸಿ ಕುಡಿಸೋರು. ನನ್ನ ಬೇರಿಂಗು, ಪಿಸ್ಟನ್ನು ಎಲ್ಲದಕ್ಕೂ ಎಣ್ಣೆ ಅದೊಂದೇ. ಅಟ್ಟದ ಮೇಲೆ ನಿಮ್ಮಪ್ಪ ಇಟ್ಟ ಡಬ್ಬ ಇರಬೇಕು, ನೋಡು. ಲೀಟರಿಗೆ 40 ಎಂ.ಎಲ್. ಅಳತೆಗೆ ನಿಮ್ಮಮ್ಮನ ಕೆಮ್ಮಿನ ಔಷಧಿಯ ಮುಚ್ಚಳ ತಗೋಬೇಡ, ಆ ತಪ್ಪು ಒಂದು ಸಲ ಆಗಿದೆ.

ಅಟ್ಟದಿಂದ ಇಳಿಯುವಾಗ ಫೋನ್ ರಿಂಗಣಿಸಿತು. ವಿಡಿಯೊ ಕರೆ. ಕೆನಡಾದ ಎಡ್ಮಂಟನ್‌ನಿಂದ ನಮ್ಮ ಅಕ್ಕನ ಮಗ. ನಮಗೆ ಭಾನುವಾರ ಬೆಳಗ್ಗೆ ಏಳೂವರೆ, ಅವನಿಗಿನ್ನೂ ಶನಿವಾರ ಸಂಜೆ ಏಳು. ಸುತ್ತ ಕತ್ತಲೆ, ತಲೆಗೆ ಟಾರ್ಚು, ಹುಬ್ಬಿನ ಮೇಲೆ ಹಿಮ.

'ಮಾಮ, ನಿಮಗೆ ಟೂ ಸ್ಟ್ರೋಕ್ ಗೊತ್ತಲ್ವಾ? ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ ತಗೊಂಡಿದೀನಿ. ಹಗ್ಗ ಎಳೆದೂ ಎಳೆದೂ ಭುಜ ಕಿತ್ತು ಬಂತು. ಮೈನಸ್ 24 ಇದೆ. ಹನ್ನೆರಡು ವಿಡಿಯೊ ನೋಡಿದೆ, ಹನ್ನೆರಡರಲ್ಲೂ ಬೇರೆ ಬೇರೆ ಕಾರಣ.'

ನನಗೆ ಟೂ ಸ್ಟ್ರೋಕ್ ಗೊತ್ತಾಗಿ ಆಗ ಮುಕ್ಕಾಲು ಗಂಟೆಯಾಗಿತ್ತು. ಫೋನನ್ನು ಯೆಜ್ಡಿಯ ಹೆಡ್‌ಲೈಟಿನ ಎದುರು ಹಿಡಿದೆ.

ಯೆಜ್ಡಿ: ಓಹೋ, ನಮ್ಮ ಶೀತ ದೇಶದ ನೆಂಟ. ಮುಂದೆ ಎರಡು ಹಲಗೆ, ಹಿಂದೆ ರಬ್ಬರಿನ ಪಟ್ಟಿ. ಚಕ್ರವೇ ಇಲ್ಲ ಪಾಪ. ಗುಲ್ಮಾರ್ಗ್‌ಗೆ ಹೋದ ನಮ್ಮವರು ಇದರ ಮೇಲೆ ಕೂತು ಫೋಟೊ ತೆಗೆಸಿಕೊಂಡು ಬರ್ತಾರಲ್ಲ, ಅದೇ. ಇವನ ಹುಟ್ಟಿನ ಕತೆ ಗೊತ್ತಾ? ಕ್ವಿಬೆಕ್‌ನಲ್ಲಿ ಬೊಂಬಾರ್ಡಿಯೇ ಅಂತ ಒಬ್ಬ ಮೆಕ್ಯಾನಿಕ್ಕು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗುವಿಗೆ ಹೊಟ್ಟೆನೋವು, ಅಪೆಂಡಿಸೈಟಿಸ್ಸು. ರಸ್ತೆ ತುಂಬ ಹಿಮ, ಆಸ್ಪತ್ರೆಗೆ ಒಯ್ಯೋಕಾಗದೆ ಮಗು ಹೋಯಿತು. 1937ರಲ್ಲಿ ಆತ ಏಳು ಜನ ಕೂರೋ ಹಿಮದ ಬಂಡಿಗೆ ಪೇಟೆಂಟ್ ಪಡೆದ. ಒಬ್ಬಿಬ್ಬರು ಕೂರೋ ಸಣ್ಣದು, ಸ್ಕಿ-ಡೂ, ಬಂದಿದ್ದು 1959ಕ್ಕೆ. ನಿನ್ನ ಅಳಿಯ ಅದರಲ್ಲಿ ಎಲ್ಲಿಗೆ ಹೊರಟಿದ್ದಾನೆ?

ನಾನು: ಹೆಪ್ಪುಗಟ್ಟಿದ ಕೆರೆ ಮೇಲೆ ಕೂತು ಚಿತ್ರಾನ್ನ ತಿನ್ನೋಕಂತೆ.

ಯೆಜ್ಡಿ: ನೀನು ಇಡ್ಲಿಗೆ, ಅವನು ಚಿತ್ರಾನ್ನಕ್ಕೆ. ವಂಶ ಅಂದ್ರೆ ಇದು. ಇನ್ನೊಂದು ಸಲ ಹಗ್ಗ ಎಳೆಯೋಕೆ ಹೇಳು, ಕೇಳ್ತೀನಿ.

ಅಳಿಯ ಎಳೆದ. ಬರ್ರ್ರ್ ಎಂದು ಸುತ್ತಿ ಸುಮ್ಮನಾಯಿತು.

ಯೆಜ್ಡಿ: ಒಂದು ಕೆಮ್ಮೂ ಇಲ್ಲ. ಇವನಿಗೆ ಹಗ್ಗ ಎಳೆದರೆ ಮ್ಯಾಗ್ನೆಟೊ ತಿರುಗಿಯೇ ಕಿಡಿ ಬರುತ್ತೆ, ಬ್ಯಾಟರಿಯ ಹಂಗಿಲ್ಲ. ಅಂಥವನಿಗೆ ಪ್ರಾಣವೇ ಇಲ್ಲ ಅಂದರೆ ಯಾರೋ ಬಾಯಿ ಮುಚ್ಚಿಸಿದ್ದಾರೆ. ಹ್ಯಾಂಡಲ್ ಹತ್ತಿರ ಕೆಂಪು ಗುಂಡಿ ಇರುತ್ತೆ, ಮೇಲಕ್ಕೆ ಎತ್ತಿದಾನಾ ಕೇಳು. ಆಮೇಲೆ ಒಂದು ಸುರುಳಿ ದಾರ, ತುದಿಗೆ ಟೋಪಿಯಂಥ ಬಿರಡೆ. ಸವಾರ ಹಿಮದಲ್ಲಿ ಬಿದ್ದರೆ ದಾರ ಕಿತ್ತು ಇಂಜಿನ್ ನಿಲ್ಲಲಿ ಅಂತ ಇಟ್ಟಿರೋದು. ಆ ಟೋಪಿ ಅದರ ಜಾಗದಲ್ಲಿ ಕೂರದೆ ಬ್ರಹ್ಮ ಬಂದು ಎಳೆದರೂ ಕಿಡಿ ಬರಲ್ಲ.

ಅಳಿಯನ ಮುಖ ಪರದೆಯಿಂದ ಮಾಯವಾಯಿತು. ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು.

'ಮಾಮ, ಅದು ಕೀ ಚೈನ್ ಅಂದ್ಕೊಂಡು ದೇವರ ಮನೆ ಪಕ್ಕದ ಮೊಳೆಗೆ ಹಾಕಿದ್ದೆ.'

ಈ ಸಲ ಎಳೆದಾಗ ಅದು ಕೆಮ್ಮಿತು. ಮತ್ತೆ ಎಳೆದ. ನಾಲ್ಕು ಸೆಕೆಂಡು ಅರಚಿ, ಉಸಿರು ಕಟ್ಟಿದಂತೆ ನಿಂತಿತು.

ಯೆಜ್ಡಿ: ಚೋಕ್ ಎಳೆದೇ ಇರಲಿ. ಅಷ್ಟು ಚಳಿಗೆ ಪೆಟ್ರೋಲು ಆವಿಯಾಗಲ್ಲ, ಜಾಸ್ತಿ ಕುಡಿಸಬೇಕು. ಆದರೆ ಆ ಸದ್ದು ಚೋಕಿಂದಲ್ಲ, ಮೂಗು ಕಟ್ಟಿದ ಸದ್ದು. ಬೇಸಿಗೆ ಪೂರ್ತಿ ಎಲ್ಲೋ ಶೆಡ್ಡಿನಲ್ಲಿ ನಿಂತಿತ್ತು ತಾನೆ? ಗಾಳಿ ಒಳಗೆ ಹೋಗೋ ಡಬ್ಬ ತೆಗೆದು ನೋಡೋಕೆ ಹೇಳು.

ಡಬ್ಬ ತೆರೆದ ಅಳಿಯ ಕಿರುಚಿದ. ಒಳಗೆ ಇಲಿಯೊಂದು ಹತ್ತಿ, ಹುಲ್ಲು, ಕಾಗದ ಸೇರಿಸಿ ಅಚ್ಚುಕಟ್ಟಾದ ಬಾಣಂತಿ ಕೋಣೆ ಕಟ್ಟಿತ್ತು. ಮಧ್ಯದಲ್ಲಿ, ನವೆಂಬರಿನಿಂದ ಮನೆಯಲ್ಲಿ ಎಲ್ಲರೂ ಹುಡುಕುತ್ತಿದ್ದ ಅವನ ಮಗಳ ಗುಲಾಬಿ ಕಾಲುಚೀಲ. ಅದನ್ನೆಲ್ಲ ಕಿತ್ತು ತೆಗೆದು ಎಳೆದ. ಎಡ್ಮಂಟನ್‌ನ ಕತ್ತಲೆ ನಡುಗಿತು. 'ಥ್ಯಾಂಕ್ಸ್ ಮಾಮ, ಯು ಆರ್ ಎ ಲೆಜೆಂಡ್' ಎಂದು ಕರೆ ಕಡಿದ. ನಾನು ಬೇಡ ಎನ್ನಲಿಲ್ಲ.

ಯೆಜ್ಡಿ: ಬಿರುದು ನೀನಿಟ್ಟುಕೋ. ನನಗೆ ಆಯಿಲ್ ಹಾಕು.

ನಾನು: ಒಂದು ಅನುಮಾನ. ಅಲ್ಲಿ ಹಿಮ, ಇಲ್ಲಿ ಬಿಸಿಲು. ಕಾಯಿಲೆ ಹೇಗೆ ಒಂದೇ?

ಯೆಜ್ಡಿ: ಎರಡೂ ಓಡಿ ಕೆಟ್ಟಿದ್ದಲ್ಲ ಮಗು, ನಿಂತು ಕೆಟ್ಟಿದ್ದು. ನಿಮ್ಮಪ್ಪ ನನ್ನನ್ನ ದಿನಾ ಇಂಡಸ್ಟ್ರಿಯಲ್ ಟೌನಿಗೆ ಓಡಿಸ್ತಿದ್ರು. ಮಳೆ, ಧೂಳು, ಓವರ್‌ಲೋಡು. ಟ್ಯಾಂಕ್ ಮೇಲೆ ನೀನು, ಹಿಂದೆ ನಿಮ್ಮಮ್ಮ, ಮಧ್ಯೆ ನಿಮ್ಮಕ್ಕ, ಹ್ಯಾಂಡಲಿಗೆ ಎರಡು ಬ್ಯಾಗು. ಆ ಲೋಡಲ್ಲಿ ನವರಂಗ್ ಥಿಯೇಟರಿಗೆ ಫಸ್ಟ್ ಶೋ ತಪ್ಪಿಸಿದೋನಲ್ಲ. ಸೈಲೆನ್ಸರಿಗೆ ಮಸಿ ಕಟ್ಟಿದರೆ ಬಿಚ್ಚಿ ಬೆಂಕೀಲಿ ಸುಟ್ಟು ಮತ್ತೆ ಹಾಕೋರು, ಅಷ್ಟೇ ಚಿಕಿತ್ಸೆ. ಈಗ ನನ್ನನ್ನ 'ಹೆರಿಟೇಜ್' ಅಂತೀರಿ. ಹೆರಿಟೇಜ್ ಅಂದರೆ ಪೆಟ್ರೋಲ್ ಹಾಕದೆ ಪ್ರೀತಿ ಮಾಡೋದು.

ನಾನು: ಕಾನೂನು ಪ್ರಕಾರವೂ ನಿಮಗೆ ಮರ್ಯಾದೆ ಇದೆ. 50 ವರ್ಷ ದಾಟಿ, ಮೂಲ ರೂಪದಲ್ಲಿದ್ದರೆ ವಿಂಟೇಜ್ ವಾಹನ ಅಂತ 2021ರಲ್ಲೇ ಕೇಂದ್ರ ನಿಯಮ ಬಂದಿದೆ.

ಯೆಜ್ಡಿ: ಗೊತ್ತು. ಅದೇ ನಿಯಮದಲ್ಲಿ ದಿನನಿತ್ಯ ರಸ್ತೆ ಮೇಲೆ ಓಡಿಸೋ ಹಾಗಿಲ್ಲ ಅಂತಲೂ ಇದೆ. ನಿನ್ನ ಕೈಲಿರೋವರೆಗೂ ನಾನು ಆ ನಿಯಮ ಮುರಿಯೋ ಭಯವಿಲ್ಲ. ಅಂದಹಾಗೆ ನಿನಗೂ ಐವತ್ತು ದಾಟಿತಲ್ಲ? ಮೂಲ ರೂಪದಲ್ಲಿ ಇದೀಯಾ?

ಹೊಟ್ಟೆ ಒಳಗೆಳೆದುಕೊಂಡು ಪ್ರಶ್ನೆ ಬದಲಿಸಿದೆ.

ನಾನು: ಹುಟ್ಟೂರಿನ ನೆನಪಾಗುತ್ತಾ?

ಯೆಜ್ಡಿ: ಆಗದೇ ಇರುತ್ತಾ? ಒಂದು ಕಾಲಕ್ಕೆ ನಾಯಂಡಹಳ್ಳಿ ದಾಟಿ, ವೃಷಭಾವತಿಯ ವಾಸನೆ ಹಿಂದೆ ಬಿಟ್ಟು, ಕೆಂಗೇರಿ ಬಂತು ಅಂದರೆ ನನ್ನ ಸದ್ದೇ ಬದಲಾಗ್ತಿತ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ. ಈಗ ಎಕ್ಸ್‌ಪ್ರೆಸ್‌ವೇ ಬಂದಿದೆ, 2023ರ ಆಗಸ್ಟ್ 1ರಿಂದ ಎರಡು ಚಕ್ರದೋರಿಗೆ ಅಲ್ಲಿ ಪ್ರವೇಶವಿಲ್ಲ. ಆಟೊ, ಟ್ರ್ಯಾಕ್ಟರ್ ಜೊತೆ ಸರ್ವಿಸ್ ರಸ್ತೇಲಿ ಹೋಗಬೇಕು. ಅತಿ ವೇಗದ ವಾಹನಗಳ ನಡುವೆ ನಮಗೆ ಅಪಾಯವಂತೆ, ಒಪ್ಪಿದೆ. ಆದರೂ ತವರಿಗೆ ಹಿತ್ತಲ ಬಾಗಿಲಿಂದ ಹೋಗು ಅಂದರೆ ಹೇಗಾಗುತ್ತೆ ಹೇಳು. ಸಾಕು, ಪ್ಲಗ್ ಹಾಕೋಕೆ ಮುಂಚೆ ಕಿಡಿ ನೋಡು.

ಪ್ಲಗ್ಗಿನ ಮಸಿಯನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಸಂದಿಗೆ ಹ್ಯಾಕ್‌ಸಾ ಬ್ಲೇಡ್ ತೂರಿಸಿ ಅಳತೆ ನೋಡಿದೆ. ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ಒದ್ದರೆ ನೀಲಿ ಕಿಡಿ ಚಟ್ಟನೆ ಹಾರಬೇಕು. ಹಾರಿದ್ದು, ಸೌದೆ ಒಲೆಯಲ್ಲಿ ಸಾಯುವ ಕೆಂಡದಂಥ ಒಂದು ಕೆಂಪು ಚುಕ್ಕೆ. ಅದೂ ನನ್ನ ಭ್ರಮೆ ಇರಬಹುದು.

ಯೆಜ್ಡಿ: ಹಾರ್ನ್ ಹೊಡಿ.

ಹೊಡೆದೆ. ಸೊಳ್ಳೆ ಆಕಳಿಸಿದಂತೆ 'ಪೀ' ಎಂದಿತು.

ಯೆಜ್ಡಿ: ಬ್ಯಾಟರಿ ಮಲಗಿದೆ. ನನ್ನ ಕಿಡಿ ಬರೋದು ಅಲ್ಲಿಂದ. ಆರು ವೋಲ್ಟಿನ ಬಡ ಬ್ಯಾಟರಿ, ಓಡಿದರೆ ತಾನೆ ಡೈನಮೊ ತುಂಬಿಸೋದು? ನಿಂಬೆಹಣ್ಣು ಚಕ್ರಕ್ಕಿಟ್ಟು ಏನು ಬಂತು? ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ್ದರೆ ಪುಣ್ಯ ಬರ್ತಿತ್ತು. ಇನ್ನು ಒಂದೇ ದಾರಿ. ಸೆಕೆಂಡ್ ಗೇರ್ ಹಾಕು, ಕ್ಲಚ್ ಹಿಡಿ, ಇಳಿಜಾರಲ್ಲಿ ತಳ್ಳಿಕೊಂಡು ಓಡಿ, ಎಗರಿ ಕೂತು ಕ್ಲಚ್ ಬಿಡು. ವೇಗ ಸಿಕ್ಕಿದರೆ ಡೈನಮೊನೇ ಕಿಡಿ ಕೊಡುತ್ತೆ.

ನಮ್ಮ ಬೀದಿಗೆ ಇಳಿಜಾರೇನೋ ಇದೆ. ಆದರೆ ಪ್ರತಿಯೊಬ್ಬ ಮನೆಯವರೂ ತಂತಮ್ಮ ಗೇಟಿನ ಮುಂದೆ ತಂತಮ್ಮ ಘನತೆಗೆ ತಕ್ಕ ಎತ್ತರದ ಹಂಪ್ ಹಾಕಿಸಿಕೊಂಡಿದ್ದಾರೆ. ವೇಗ ಸಿಕ್ಕಿತು ಎನ್ನುವಷ್ಟರಲ್ಲಿ ಇಂಜಿನಿಯರ್ ಮನೆಯ ಹಂಪ್. ಅದು ದಾಟಿ ಮತ್ತೆ ಓಡಿದರೆ ಮಾಜಿ ಕಾರ್ಪೊರೇಟರ್ ಮನೆಯದು, ಅದಕ್ಕೆ ಬಿಳಿ ಪಟ್ಟೆ ಬೇರೆ. ಮೂರನೆಯದರ ಹತ್ತಿರ ಉಳಿದಿದ್ದ ಇನ್ನೊಂದು ಚಪ್ಪಲಿಯೂ ಹೋಯಿತು. ಪೇಪರ್ ಹಾಕುವ ಹುಡುಗ ಸೈಕಲ್ ಬಿಸಾಡಿ ಬಂದು ಹಿಂದಿನಿಂದ ನೂಕಿದ.

ಯೆಜ್ಡಿ: ಈಗ! ಬಿಡು ಕ್ಲಚ್!

ಬಿಟ್ಟೆ. ಗಾಡಿ ಒಮ್ಮೆ ಮುಗ್ಗರಿಸಿತು, ಡುಗ್ ಎಂದಿತು, ಡುಗ್ ಡುಗ್ ಎಂದಿತು. ಆಮೇಲೆ ಎರಡೂ ಸೈಲೆನ್ಸರಿನಿಂದ ಐದು ತಿಂಗಳ ಮಸಿ, ಅಪ್ಪನ ಡಬ್ಬದ ಆಯಿಲು, ಕಬ್ಬಿನ ಪಾಕ ಎಲ್ಲ ಸೇರಿ ಬಿಳಿ ಹೊಗೆ ಉಕ್ಕಿ, ಇಡೀ ಬೀದಿ ಮುಚ್ಚಿಹೋಯಿತು. ಹುಡುಗ ಕಾಣಲಿಲ್ಲ, ಸೈಕಲ್ ಕಾಣಲಿಲ್ಲ, ಹಂಪ್‌ಗಳೂ ಕಾಣಲಿಲ್ಲ.

ಹೊಗೆಯೊಳಗಿನಿಂದ, ಎದುರು ಮನೆಯ ಮಹಡಿಯ ಕಿಟಕಿ ತೆರೆದ ಸದ್ದು ಬಂತು.

'ಅಂತೂ ಬಂದ್ರಲ್ಲಪ್ಪಾ! ಸೊಳ್ಳೆಗೆ ಹೊಗೆ ಹಾಕಿ ಅಂತ ಮೂರು ತಿಂಗಳಿಂದ ಫೋನ್ ಮಾಡ್ತಿದೀನಿ. ಬರೀ ರೋಡಲ್ಲಿ ಹಾಕಿ ಹೋಗ್ಬೇಡಿ, ಆ ಮೋರಿ ಹತ್ರಾನೂ ಹಾಕಿ!'

ಯೆಜ್ಡಿ: ತಿರುಗಿಸು ಮಗು. ಪಾಪ, ಹಿರಿಯರು ಕೇಳ್ತಿದಾರೆ.

ಮೋರಿಯ ಕಡೆ ತಿರುಗಿಸಿದೆ.